ಗೊಬ್ಬರದ ತಿಳಿ ಎಷ್ಟು ದಿನ ಬಾಳುತ್ತದೆ?

ಚೆನ್ನಾಗಿ ಕಳಿತ ಕಾಂಪೋಸ್ಟನ್ನು ನೀರಿನಲ್ಲಿ ನೆನೆಹಾಕಿ, ಸೋಸಿ, ಆ ತಿಳಿಯನ್ನು ಗಿಡಕ್ಕೆ ಹಾಕುವ ಪದ್ಧತಿ ಈಚಿನ ವರ್ಷಗಳಲ್ಲಿ ನಮ್ಮ ಕಡೆಯೂ ಹರಡಿದೆ. ಇದಕ್ಕೆ ಕಾಂಪೋಸ್ಟ್ ಟೀ ಎಂದು ಹೆಸರು. ಟೀ ಅಂದ ಕೂಡಲೇ ಒಲೆಯ ಮೇಲಿಟ್ಟು ಕುದಿಸುವುದು ಅಂತ ತಿಳಿಯಬೇಡಿ. ಕುದಿಸಿದರೆ ಅದರಲ್ಲಿರುವ ಜೀವವೆಲ್ಲ ಸತ್ತು ಬರೀ ಕಂದು ನೀರು ಉಳಿಯುತ್ತದೆ. ಹಾಗಾಗಿ ಕಷಾಯ ಎನ್ನುವುದೂ ಸರಿಯಲ್ಲ. ನಾನು ಗೊಬ್ಬರದ ತಿಳಿ ಎಂದೇ ಕರೆಯುತ್ತೇನೆ. ಇದು ಗೊಬ್ಬರಕ್ಕೆ ಬದಲಿ ಅಲ್ಲ. ಇದರಲ್ಲಿ ಸಾರಜನಕ ಮುಂತಾದ ಆಹಾರಾಂಶ ಇರುವುದು ಅಲ್ಪ. ಗೊಬ್ಬರದಲ್ಲಿರುವ ಸೂಕ್ಷ್ಮಜೀವಿಗಳನ್ನು ಗಿಡದ ಬುಡಕ್ಕೋ ಎಲೆಗೋ ಮುಟ್ಟಿಸುವುದೇ ಮುಖ್ಯ ಉದ್ದೇಶ.

ಇದರ ಬಗ್ಗೆ ರೈತರು ಕೇಳುವ ಪ್ರಶ್ನೆಗಳು ಎರಡೇ. ಮಾಡಿದ್ದು ಮಿಕ್ಕರೆ ಎಷ್ಟು ದಿನ ಇಡಬಹುದು? ಕೆಟ್ಟಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಸಿಗುತ್ತದೆ. ಒಬ್ಬರು ನಾಲ್ಕು ಗಂಟೆ ಅನ್ನುತ್ತಾರೆ, ಇನ್ನೊಬ್ಬರು ಒಂದು ವಾರ ಅನ್ನುತ್ತಾರೆ, ಮತ್ತೊಬ್ಬರು ಹಳೆಯದಾದಷ್ಟೂ ಒಳ್ಳೆಯದು ಅನ್ನುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಮಡಕೆಯಲ್ಲಿ ಒಂದೊಂದು ಪದಾರ್ಥ ಇದೆ, ಅಷ್ಟೆ. ಯಾವುದು ಯಾವ ಕಾಲದಿಂದ, ಯಾವ ಜಾಡಿನಲ್ಲಿ ಬಂತು ಎಂಬುದು ಗೊತ್ತಾದರೆ ಈ ಗೊಂದಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅದಕ್ಕಾಗಿ ಈ ಹೊತ್ತು ಸ್ವಲ್ಪ ಹಿಂದಿನ ಕಾಲಕ್ಕೆ ಹೋಗೋಣ.

ಗಿಡಮರಗಳ ಆರೈಕೆಯನ್ನು ಶಾಸ್ತ್ರವೆಂದು ತಿಳಿದು ಬರೆದಿಟ್ಟ ನಾಡು ನಮ್ಮದು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ನೇ ಇಸವಿಯಲ್ಲಿ, ಚಾವುಂಡರಾಯನೆಂಬಾತ ಲೋಕೋಪಕಾರ ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದ. (ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯ ಬೇರೆ, ಈತ ಬೇರೆ.) ಸಂಸಾರಿಗೆ ಬೇಕಾದ ನಾನಾ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವೂ ಅದರಲ್ಲಿ ಸೇರಿದೆ. ಹೆಚ್ಚು ಕಡಿಮೆ ಅದೇ ಕಾಲದ ಇನ್ನೊಂದು ಗ್ರಂಥ ಸಂಸ್ಕೃತದ್ದು: ಸುರಪಾಲನ ವೃಕ್ಷಾಯುರ್ವೇದ. ಇದರ ಹಸ್ತಪ್ರತಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬೋಡ್ಲಿಯನ್ ಪುಸ್ತಕ ಭಂಡಾರದಲ್ಲಿತ್ತು. ಸಸ್ಯರೋಗ ತಜ್ಞರಾದ ವೈ. ಎಲ್. ನೆನೆ ಅವರು 1994ರಲ್ಲಿ ಅದರ ಪ್ರತಿಯನ್ನು ತರಿಸಿಕೊಂಡರು. ನಳಿನಿ ಸಾಧಲೆ ಅವರು ಮಾಡಿದ ಇಂಗ್ಲಿಷ್ ಅನುವಾದ 1996ರಲ್ಲಿ ಸಿಕಂದರಾಬಾದಿನಿಂದ ಹೊರಬಂತು. ನಮ್ಮ ಬೇಸಾಯದ ತಿಳಿವಳಿಕೆ ಸಮುದ್ರದಾಚೆ ಹೋಗಿ ಕುಳಿತಿದ್ದು, ಸಾವಿರ ವರ್ಷದ ಮೇಲೆ ಹೀಗೆ ಮನೆಗೆ ಬಂತು.

ಅದರಲ್ಲಿ ಕುಣಪ ಜಲ ಎಂಬ ದ್ರವ ಗೊಬ್ಬರದ ವಿಧಾನ ಬರುತ್ತದೆ. ಪ್ರಾಣಿಗಳ ಮಾಂಸ, ಕೊಬ್ಬು, ಮೂಳೆಯೊಳಗಿನ ನೆಣ ಇವನ್ನು ನೀರಿನಲ್ಲಿ ಬೇಯಿಸಿ ಮಣ್ಣಿನ ಮಡಕೆಗೆ ಹಾಕಬೇಕು; ಹಾಲು, ಎಳ್ಳಿನ ಹಿಂಡಿ, ಜೇನಿನೊಡನೆ ಬೆಂದ ಉದ್ದು, ಬೇಳೆಕಾಳಿನ ಕಟ್ಟು, ತುಪ್ಪ, ಬಿಸಿನೀರು ಸೇರಿಸಬೇಕು; ಬೆಚ್ಚಗಿರುವ ಜಾಗದಲ್ಲಿ ಸುಮಾರು ಹದಿನೈದು ದಿನ ಇಡಬೇಕು. ಯಾವುದಕ್ಕೂ ಇಷ್ಟೇ ಎಂಬ ಅಳತೆ ಇಲ್ಲ. ಹಾಲು, ತುಪ್ಪ, ಜೇನು ಎಲ್ಲ ಗಿಡಕ್ಕೆ ಸುರಿಯಲು ಎಂಥ ರೈತನಿಗೆ ಸಾಧ್ಯವಿತ್ತು ಎಂಬ ಅನುಮಾನ ನಿಮಗೆ ಬಂದರೆ ಅದು ನ್ಯಾಯವೇ. ಇದು ಅರಸರ ಉದ್ಯಾನಗಳ ಕೈಪಿಡಿ ಇರಬೇಕು ಅಂತ ನನಗೂ ಅನ್ನಿಸುತ್ತದೆ.

ಇಲ್ಲಿ ನಾವು ಗಮನಿಸಬೇಕಾದ್ದು ಮತ್ತೊಂದು. ಕುಣಪ ಅಂದರೆ ಹೆಣ. ಹೆಸರಿನಲ್ಲೇ ನಾತ ಇದೆ. ಇವತ್ತು ನಾವು ನಾತ ಬಂದರೆ ಚೆಲ್ಲಿ ಅಂತ ಹೇಳುತ್ತೇವೆ. ಅವರಿಗೆ ನಾತವೇ ಹದ ಬಂದ ಗುರುತು. ಮಡಕೆಯಲ್ಲಿ ಇಡುವುದು ಶೇಖರಣೆಯಲ್ಲ, ಅದು ತಯಾರಿಕೆಯದೇ ಒಂದು ಭಾಗ. ಮಾಂಸ, ಕಾಳುಗಳಲ್ಲಿರುವ ಸಾರಜನಕ ಗಿಡಕ್ಕೆ ನೇರವಾಗಿ ಸಿಗದ ರೂಪದಲ್ಲಿರುತ್ತದೆ. ಮಡಕೆಯೊಳಗೆ ಗಾಳಿ ಇಲ್ಲದೆ ಕೊಳೆತಾಗ ಅದು ಒಡೆದು ಅಮೋನಿಯ ರೂಪಕ್ಕೆ ಬರುತ್ತದೆ, ಗಿಡದ ಬೇರು ಅದನ್ನು ಹೀರಬಲ್ಲದು. ಅಂದಮೇಲೆ ಹದಿನೈದು ದಿನ ಇಡದೆ ಮೊದಲ ದಿನವೇ ಹಾಕಿದರೆ ಪ್ರಯೋಜನ ಕಡಿಮೆ. ಈ ಜಾತಿಯ ಗೊಬ್ಬರಕ್ಕೆ ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಒಪ್ಪುತ್ತದೆ.

ಬೇರೆ ದೇಶದಲ್ಲೂ ಇದೇ ಜಾಡು ಕಾಣುತ್ತದೆ. ಸುರಪಾಲನಿಗೆ ಸುಮಾರು ಸಾವಿರ ವರ್ಷ ಮೊದಲು, ಕ್ರಿಸ್ತಶಕ ಒಂದನೇ ಶತಮಾನದಲ್ಲಿ, ರೋಮ್ ದೇಶದ ಕೊಲುಮೆಲ್ಲ ಎಂಬ ಬೇಸಾಯ ಪಂಡಿತ ಮನುಷ್ಯರ ಮೂತ್ರವನ್ನು ಆರು ತಿಂಗಳು ಹಳಸಲು ಬಿಟ್ಟು ದ್ರಾಕ್ಷಿಗೂ ಹಣ್ಣಿನ ಮರಗಳಿಗೂ ಹಾಕಿ ಅಂತ ಬರೆದ. ಆರು ತಿಂಗಳೇ ಏಕೆ ಅಂತ ಅವನಿಗೆ ಗೊತ್ತಿದ್ದಿರಲಾರದು, ಅನುಭವದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾರ್ಗಸೂಚಿಯೂ, ಹಲವು ಮನೆಗಳಿಂದ ಕೂಡಿಸಿದ ಮೂತ್ರವನ್ನು 20 ಡಿಗ್ರಿ ಅಥವಾ ಹೆಚ್ಚಿನ ಉಷ್ಣತೆಯಲ್ಲಿ ಆರು ತಿಂಗಳು ಮುಚ್ಚಿಟ್ಟರೆ ಎಲ್ಲ ಬೆಳೆಗೂ ಬಳಸಬಹುದು ಅಂತ ಹೇಳಿದೆ! ಇಟ್ಟ ಮೂತ್ರದಲ್ಲಿ ಅಮೋನಿಯ ಹುಟ್ಟಿ, ಅದು ಖಾರದ ಕಡೆಗೆ ತಿರುಗಿ, ರೋಗಾಣುಗಳು ಕ್ರಮೇಣ ಸಾಯುತ್ತವೆ. ಇಡುವುದರಿಂದಲೇ ಅದು ಶುದ್ಧವಾಗುತ್ತದೆ. ಕಾಂಪೋಸ್ಟ್ ತಿಳಿಯಲ್ಲಿ ಹೀಗಾಗುವುದಿಲ್ಲ. ಅದರಲ್ಲಿ ಅಷ್ಟೊಂದು ಅಮೋನಿಯ ಹುಟ್ಟುವ ಸರಕೇ ಇಲ್ಲ. ಮೂತ್ರದ ನಿಯಮವನ್ನು ತಿಳಿಗೆ ಹಚ್ಚುವುದು ಉಪ್ಪಿನಕಾಯಿಯ ನಿಯಮವನ್ನು ಹಾಲಿಗೆ ಹಚ್ಚಿದ ಹಾಗೆ.

ಹೀಗೆ ಗಾಳಿ ಇಲ್ಲದೆ ಕೊಳೆಯುವುದು ಒಂದು ದಾರಿ. ಗಾಳಿ ಇದ್ದು ಕಳಿಯುವುದು ಇನ್ನೊಂದು ದಾರಿ. ಇವೆರಡನ್ನೂ ಬೇರೆ ಮಾಡಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. ಗಾಳಿಯೇ ತಗಲದೆ ಬದುಕುವ ಸೂಕ್ಷ್ಮಜೀವಿಗಳಿವೆ, ಗಾಳಿ ಸೋಕಿದರೆ ಅವು ಸೊರಗುತ್ತವೆ ಎಂಬುದನ್ನು ಅವರು 1861ರಲ್ಲಿ ಪ್ರಕಟಿಸಿದರು. ಒಂದೇ ಮಡಕೆಯಲ್ಲಿ ಮೇಲೆ ಒಂದು ಸಂತಾನ, ತಳದಲ್ಲಿ ಇನ್ನೊಂದು ಸಂತಾನ ಇರಬಹುದು. ಮೇಲಿನವು ಪ್ರಾಣವಾಯುವನ್ನೆಲ್ಲ ಉಂಡು ಮುಗಿಸಿದವೋ, ತಳದವುಗಳ ರಾಜ್ಯಭಾರ ಶುರು. ರಾತ್ರಿ ಉಬ್ಬಿದ ದೋಸೆ ಹಿಟ್ಟು ಮೂರನೇ ದಿನ ಮೂಗು ಹಿಡಿಯುವ ಹಾಗೆ ಆಗುವುದಿಲ್ಲವೇ? ಹಿಟ್ಟು ಅದೇ, ಪಾತ್ರೆ ಅದೇ. ಒಳಗಿನ ಪ್ರಜೆಗಳು ಬದಲಾಗಿರುತ್ತಾರೆ.

ಇಲ್ಲಿಂದ ಕಥೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗುತ್ತದೆ. ಬಟ್ಟೆ ಗಿರಣಿಗಳ ಆ ಊರಿಗೂ ಗೊಬ್ಬರದ ತಿಳಿಗೂ ಏನು ನಂಟು ಅಂತ ಕೇಳಬಹುದು. ನಂಟು ಚರಂಡಿ ನೀರಿನದು. ಗಿಲ್ಬರ್ಟ್ ಫೌಲರ್ ಎಂಬ ರಸಾಯನ ಶಾಸ್ತ್ರಜ್ಞರು 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿ ಹಾಯಿಸುವ ಪ್ರಯೋಗಗಳನ್ನು ನೋಡಿ ಬಂದರು. ಅವರ ಪ್ರೇರಣೆಯಿಂದ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬಿಬ್ಬರು ಮ್ಯಾಂಚೆಸ್ಟರಿನಲ್ಲಿ ಅದನ್ನು ಮುಂದುವರಿಸಿದರು. ಬರೀ ಕೊಳಚೆಗೆ ಗಾಳಿ ಊದಿದಾಗ ಅದು ಪೂರ್ತಿ ತಿಳಿಯಾಗಲು ಐದು ವಾರ ಹಿಡಿಯಿತು. ತಳದ ಗಸಿಯನ್ನು ಚೆಲ್ಲದೆ ಮೊಸರಿನ ಹೆಪ್ಪಿನ ಹಾಗೆ ಉಳಿಸಿಕೊಂಡು, ಹೊಸ ಕೊಳಚೆ ಬಿಟ್ಟು ಮತ್ತೆ ಮತ್ತೆ ಗಾಳಿ ಊದಿದಾಗ ಅದೇ ಕೆಲಸ ಒಂದು ದಿನಕ್ಕೆ ಇಳಿಯಿತು. 1914ರ ಏಪ್ರಿಲಿನಲ್ಲಿ ಅವರು ಇದನ್ನು ವಿದ್ವಾಂಸರ ಸಭೆಯ ಮುಂದಿಟ್ಟರು. ಇವತ್ತು ಜಗತ್ತಿನ ದೊಡ್ಡ ಪಟ್ಟಣಗಳ ಕೊಳಚೆ ನೀರು ಶುದ್ಧವಾಗುವುದು ಬಹುಮಟ್ಟಿಗೆ ಇದೇ ತತ್ತ್ವದ ಮೇಲೆ.

ಆ ಫೌಲರ್ ಅವರು 1916ರಲ್ಲಿ ಬೆಂಗಳೂರಿಗೇ ಬಂದರು, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿ. ಹೊಲಸು ನೀರಿನಲ್ಲಿ ಪೋಲಾಗುವ ಸಾರಜನಕವನ್ನು ಹೊಲಕ್ಕೆ ಹಿಂದಿರುಗಿಸುವುದು ಹೇಗೆ ಎಂಬುದೇ ಅವರ ಚಿಂತೆಯಾಗಿತ್ತು. ಕಾಂಪೋಸ್ಟ್ ಟೀ ಅವರಿಂದ ಹುಟ್ಟಿತು ಅಂತ ನಾನು ವಂಶಾವಳಿ ಕಟ್ಟುತ್ತಿಲ್ಲ. ಆದರೆ ನಮ್ಮ ಪ್ರಶ್ನೆಗೆ ಬೇಕಾದ ಪಾಠ ಅಲ್ಲಿದೆ. ಗಾಳಿ ಊದುತ್ತಿರುವ ತನಕ ತೊಟ್ಟಿಯಲ್ಲಿ ದುರ್ವಾಸನೆ ಇಲ್ಲ. ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಒಳಗಿನ ಜೀವಿಗಳು ಪ್ರಾಣವಾಯುವನ್ನು ಮುಗಿಸಿ, ವಾಸನೆ ಮರಳಿ ಬರುತ್ತದೆ. ಜೀವಿಗಳು ಎಷ್ಟು ಹೆಚ್ಚೋ ಅಷ್ಟು ಬೇಗ ಉಸಿರು ಕಟ್ಟುತ್ತದೆ. ಅಂದರೆ ಬಹಳ ಒಳ್ಳೆಯ ತಿಳಿಯೇ ಬಹಳ ಬೇಗ ಕೆಡುತ್ತದೆ.

ಈಗ ತಿಳಿಯ ತಾಯಿಯಾದ ಕಾಂಪೋಸ್ಟಿನ ಮಾತು. ಆಲ್ಬರ್ಟ್ ಹೊವಾರ್ಡ್ ಅವರು 1905ರಲ್ಲಿ ಬಿಹಾರದ ಪೂಸಾಕ್ಕೆ ಸಸ್ಯಶಾಸ್ತ್ರಜ್ಞರಾಗಿ ಬಂದು, 1924ರಿಂದ ಇಂದೋರಿನ ಸಂಸ್ಥೆಯಲ್ಲಿ ಕೆಲಸ ಮಾಡಿ, ಯಶವಂತ ವಾಡ್ ಅವರ ಜೊತೆ ಇಂದೋರ್ ಪದ್ಧತಿಯನ್ನು ರೂಪಿಸಿದರು. 1931ರಲ್ಲಿ ಇಬ್ಬರ ಹೆಸರಿನಲ್ಲೂ ಪುಸ್ತಕ ಹೊರಬಂತು. ಕಸಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿ ಇವನ್ನು ಪದರ ಪದರವಾಗಿ ಹಾಕಿ, ತೇವ ಕಾಯ್ದು, ಆಗಾಗ ತಿರುವಿ ಹಾಕಿ ಮೂರು ತಿಂಗಳಲ್ಲಿ ಗೊಬ್ಬರ ತೆಗೆಯುವುದು. ಅದಾದ ಮೇಲೆ 1939ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಬೆಂಗಳೂರು ಪದ್ಧತಿಯನ್ನು ಕಂಡುಹಿಡಿದರು. ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿರುವದೆ ಎಂಟೊಂಬತ್ತು ತಿಂಗಳು ಬಿಡುವುದು ಅದರ ಕ್ರಮ. ಆಳಿನ ಖರ್ಚು ಇಲ್ಲ, ನೀರಿನ ಖರ್ಚು ಇಲ್ಲ, ನೊಣದ ಕಾಟ ಕಡಿಮೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಹೊಲಕ್ಕೆ ಹರಡಿ ಉಳುವ ಗೊಬ್ಬರವಾಗಿ ಇಂದಿಗೂ ಯೋಗ್ಯವಾದದ್ದೇ.

ಆದರೆ ತಿಳಿ ಇಳಿಸುವುದಕ್ಕೆ ನಾನು ತಿರುವಿದ ಗೊಬ್ಬರವನ್ನೇ ಹೇಳುತ್ತೇನೆ. ತಿರುವಿದಾಗ ಅಂಚಿನದು ನಡುವಿಗೆ ಹೋಗುತ್ತದೆ, ರಾಶಿಯ ಒಳಕಾವು ಎಲ್ಲದಕ್ಕೂ ತಗಲುತ್ತದೆ. ಆ ಕಾವೇ ರೋಗಾಣುಗಳನ್ನು ಕೊಲ್ಲುವುದು. ಅಮೆರಿಕದ ಸಾವಯವ ನಿಯಮದಲ್ಲಿ ಉದ್ದರಾಶಿ ಗೊಬ್ಬರಕ್ಕೆ 55 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆ ಇಲ್ಲದಂತೆ 15 ದಿನ ಕಾವು ಇರಬೇಕು, ಅಷ್ಟರೊಳಗೆ ಐದು ಸಲ ತಿರುವಬೇಕು ಅಂತ ಇದೆ. 55 ಡಿಗ್ರಿ ಅಂದರೆ ರಾಶಿಯೊಳಗೆ ಚುಚ್ಚಿಟ್ಟ ಕಬ್ಬಿಣದ ಸಲಾಕೆಯನ್ನು ಹೊರಗೆಳೆದು ಮುಟ್ಟಿದರೆ ಕೈಯಲ್ಲಿ ಹಿಡಿದಿರಲು ಆಗಬಾರದು. ತಿಳಿಯ ಗುಣ ಪರೀಕ್ಷೆ ಪೀಪಾಯಿಯಲ್ಲಿ ಶುರುವಾಗುವುದಲ್ಲ, ಇಲ್ಲಿ ಶುರುವಾಗುತ್ತದೆ. ಕಾವು ಪೂರ್ತಿ ಇಳಿದು, ಮೊದಲ ಮಳೆ ಬಿದ್ದ ಮಣ್ಣಿನ ಪರಿಮಳ ಬರುವ ತನಕ ಗೊಬ್ಬರವನ್ನು ನೀರಿಗೆ ಹಾಕಬೇಡಿ.

ಗೊಬ್ಬರದ ನೀರಿನಿಂದ ಎಲೆಯ ರೋಗ ತಡೆಯಬಹುದೇ ಎಂಬುದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಲು ಹೊರಟವರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದ ಹೈನ್ರಿಖ್ ವೆಲ್ಟ್‌ಸೀನ್ ಅವರೂ ಅವರ ಶಿಷ್ಯರೂ ಮುಖ್ಯರು. 1980ರ ದಶಕದಲ್ಲಿ ಅವರು ಕಾಂಪೋಸ್ಟನ್ನು ನೀರಿನಲ್ಲಿ ಸುಮ್ಮನೆ ಕೆಲವು ದಿನ ನೆನೆಸಿ, ಸೋಸಿ, ದ್ರಾಕ್ಷಿಯ ಬೂಷ್ಟು ರೋಗ ಮುಂತಾದವುಗಳ ಮೇಲೆ ಸಿಂಪಡಿಸಿ ನೋಡಿದರು. ಅಲ್ಲಿ ಪಂಪಿಲ್ಲ, ಗಾಳಿಯಿಲ್ಲ. ಕೆಲವು ಕಡೆ ಒಳ್ಳೆಯ ಫಲ ಬಂತು. 1990ರ ದಶಕದಲ್ಲಿ ಅಮೆರಿಕದ ಆರೆಗಾನ್ ಸೀಮೆಯಲ್ಲಿ ಇಲೇನ್ ಇಂಗಮ್ ಎಂಬ ಮಣ್ಣುಜೀವಿ ಶಾಸ್ತ್ರಜ್ಞೆ ಬೇರೆ ಮಾತು ಹೇಳಿದರು: ಗಾಳಿ ಬೇಕು, ಒಂದು ದಿನದ ಮಟ್ಟಿಗೆ ಎಡೆಬಿಡದೆ ಗಾಳಿ ಊದಿ, ಜೀವಿಗಳಿಗೆ ಆಹಾರವನ್ನೂ ಕೊಟ್ಟು ಬೆಳೆಸಬೇಕು, ನೀರಿನಲ್ಲಿ ಕರಗಿದ ಪ್ರಾಣವಾಯು ಲೀಟರಿಗೆ ಸುಮಾರು 6 ಮಿಲಿಗ್ರಾಂಗಿಂತ ಇಳಿಯಬಾರದು. ಗಾಳಿ ಊದುವ ಯಂತ್ರಗಳು ಅಂಗಡಿಗೆ ಬಂದವು. ಪಂಪು ನಿಲ್ಲಿಸಿದ ನಾಲ್ಕಾರು ಗಂಟೆಯೊಳಗೆ ಹಾಕಿ ಮುಗಿಸಬೇಕು ಎಂಬ ಮಾತು ಹರಡಿದ್ದು ಈ ಕಾಲದಲ್ಲೇ.

ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ಎತ್ತಿ ಇಡಲಾಗುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕರಗುವುದು ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯ ನೀರು ಏಳೂವರೆ. ಸಮುದ್ರ ಮಟ್ಟದಿಂದ ಎತ್ತರದಲ್ಲಿರುವ ನಮ್ಮ ಬಯಲು ಸೀಮೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಜೊತೆಗೆ ಸೆಕೆಗೆ ಸೂಕ್ಷ್ಮಜೀವಿಗಳ ಹಸಿವು ಹೆಚ್ಚು. ಹೀಗೆ ಬರುವುದು ಇಳಿದು ಖರ್ಚು ಏರುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ರೈತ ಪಂಪು ನಿಲ್ಲಿಸಿದ ಮೇಲೆ ನಾಲ್ಕು ಗಂಟೆ ಕಾಯುವುದು ಹೆಚ್ಚಾಯಿತು. ಪೀಪಾಯಿಯನ್ನು ಹುಣಸೆ ಮರದ ನೆರಳಿನಲ್ಲಿಟ್ಟು, ಸುತ್ತ ಒದ್ದೆ ಗೋಣಿತಾಟು ಸುತ್ತಿ, ಬೆಳಗಿನ ತಂಪಿನಲ್ಲಿ ಮುಗಿಯುವ ಹಾಗೆ ಲೆಕ್ಕ ಹಾಕಿ ಶುರು ಮಾಡಬೇಕು. ನಡುರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ಬಂದರೆ, ಅದು ಗಾಳಿಯ ತಿಳಿಯಾಗಿ ಉಳಿದಿರುವುದಿಲ್ಲ.

ಇಷ್ಟು ಕಷ್ಟಪಟ್ಟು ಗಾಳಿ ಊದಿದ್ದಕ್ಕೆ ರೋಗ ತಡೆಯುವ ಶಕ್ತಿ ಹೆಚ್ಚೇ? ಆರೆಗಾನಿನಲ್ಲೇ ಕೆಲಸ ಮಾಡುತ್ತಿದ್ದ ಷ್ಯೂರೆಲ್ ಮತ್ತು ಮಹಫಿ ಎಂಬ ಸಸ್ಯರೋಗ ತಜ್ಞರು 2002ರಲ್ಲಿ ಅಲ್ಲಿಯ ತನಕ ಬಂದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದರು. ಗಾಳಿ ಊದಿದ್ದರಿಂದ ರೋಗ ತಡೆಯುವ ಗುಣ ಹೆಚ್ಚಿತು ಎನ್ನಲು ಸಾಕಷ್ಟು ಆಧಾರ ಅವರಿಗೆ ಕಾಣಲಿಲ್ಲ. ಒಂದು ಗೊಬ್ಬರದಿಂದ ಇನ್ನೊಂದಕ್ಕೆ, ಒಂದು ರೋಗದಿಂದ ಇನ್ನೊಂದಕ್ಕೆ ಫಲ ಬದಲಾಗುತ್ತಿತ್ತು. ಯಂತ್ರಕ್ಕೆ ಸಾವಿರಾರು ರೂಪಾಯಿ ಹಾಕುವ ಮುಂಚೆ ಸಣ್ಣ ಹಿಡುವಳಿದಾರರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಲ್ಲಿಯ ತನಕ ಪರೀಕ್ಷೆ ಎಲ್ಲ ಮೂಗಿನದು. ಗಾಳಿ ಸಾಕಾಗಿದೆಯೋ ಇಲ್ಲವೋ ಎಂಬುದನ್ನು ಮೂಗು ಚೆನ್ನಾಗಿಯೇ ಹೇಳುತ್ತದೆ. ಮಣ್ಣಿನ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ನಾತ, ಹೆಂಡದ ಹುಳಿ, ಕೆಟ್ಟ ಬೆಣ್ಣೆಯ ಕಮಟು ಬಂದರೆ ಗಾಳಿ ಮುಗಿದಿದೆ. ಆದರೆ ಮೂಗಿಗೆ ಸಿಗದ ಒಂದು ಅಪಾಯ ಇದೆ. ಇದನ್ನು ಕಂಡುಕೊಂಡದ್ದೇ ಈ ಚರಿತ್ರೆಯ ದೊಡ್ಡ ತಿರುವು ಅಂತ ನನ್ನ ಅಭಿಪ್ರಾಯ.

1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಷರಿಖ್ ಅವರು ಕೂಸುಗಳ ಮಲದಲ್ಲಿದ್ದ ಒಂದು ಬ್ಯಾಕ್ಟೀರಿಯವನ್ನು ವರ್ಣಿಸಿದರು. ಅದೇ ಇವತ್ತಿನ ಇ. ಕೋಲಿ. ಕರುಳಿನಲ್ಲಿ ವಾಸಿಸುವ ಇದು ಬಹುಪಾಲು ನಿರುಪದ್ರವಿ. ನೀರಿನಲ್ಲಿ ಇದು ಕಂಡರೆ ಮಲ ಸೇರಿದೆ ಅಂತ ಅರ್ಥ, ಅಷ್ಟೆ. ಆದರೆ 1982ರಲ್ಲಿ ಅಮೆರಿಕದಲ್ಲಿ ಮಾಂಸದ ತಿಂಡಿಯಿಂದ ರಕ್ತಭೇದಿ ಎದ್ದಾಗ ಇದರದೇ ಒಂದು ಕೆಟ್ಟ ತಳಿ ಪತ್ತೆಯಾಯಿತು. ಓ-157 ಎಂದು ಅದರ ಗುರುತು. ಎಳೆಯ ಮಕ್ಕಳ ಮೂತ್ರಪಿಂಡವನ್ನೇ ಹಾಳು ಮಾಡಬಲ್ಲದು. ಅದರ ಬಿಡಾರ ದನಗಳ ಕರುಳು, ದನಕ್ಕೆ ಏನೂ ಆಗುವುದಿಲ್ಲ. ನೋಡಲು ಪುಷ್ಟಿಯಾಗಿರುವ ಹಸುವಿನ ಸಗಣಿಯಲ್ಲೂ ಇರಬಹುದು. 2006ರಲ್ಲಿ ಅದೇ ದೇಶದಲ್ಲಿ ಪಾಲಕ್ ಸೊಪ್ಪಿನ ಮೂಲಕ ಈ ರೋಗ ಹಲವು ರಾಜ್ಯಗಳಿಗೆ ಹರಡಿ ಸಾವುಗಳೂ ಆದವು.

ತಿಳಿಗೆ ಜೀವಿಗಳು ಬೇಗ ಹೆಚ್ಚಲಿ ಅಂತ ಕಾಕಂಬಿ ಹಾಕುವ ರೂಢಿ ಇತ್ತಷ್ಟೆ? ಕಾಕಂಬಿ ಒಳ್ಳೆಯವುಗಳಿಗೆ ಮಾತ್ರ ಬಡಿಸಿದ ಊಟವಲ್ಲ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಕಂಬಿಯ ಪ್ರಮಾಣ ಏರಿದ ಹಾಗೆಲ್ಲ ಓ-157 ಮತ್ತು ಸಾಲ್ಮೊನೆಲ್ಲ ರೋಗಾಣುಗಳು ತಿಳಿಯಲ್ಲಿ ಮತ್ತೆ ಬೆಳೆಯುವುದೂ ಏರಿತು. 2007ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಇಂಗ್ರಾಮ್ ಮತ್ತು ಮಿಲ್ನರ್ ಅವರು ಗಾಳಿ ಊದಿದ ತಿಳಿಯಲ್ಲೂ, ಊದದ ತಿಳಿಯಲ್ಲೂ ಪೋಷಕ ಪದಾರ್ಥ ಬೆರೆತಾಗ ರೋಗಾಣುಗಳು ಹೆಚ್ಚುವುದನ್ನು ತೋರಿಸಿದರು. ಗೊಬ್ಬರದಲ್ಲಿ ಎಣಿಕೆಗೆ ಸಿಗದಷ್ಟು ಅಲ್ಪವಾಗಿ ಉಳಿದವೂ ಒಂದು ದಿನದಲ್ಲಿ ಸಾವಿರ ಲಕ್ಷವಾಗಬಹುದು. ಆಗಲೂ ವಾಸನೆ ಮಾತ್ರ ಘಮ್ಮೆಂದು ಮಣ್ಣಿನದೇ!

ಇದಕ್ಕಾಗಿ ಅಮೆರಿಕದ ಸಾವಯವ ಮಾನದಂಡ ಮಂಡಳಿಯ ತಜ್ಞರ ತಂಡ 2004ರಲ್ಲಿ ಒಂದು ಶಿಫಾರಸು ಮಾಡಿತು. ಸರಿಯಾಗಿ ಕಾವು ಕಂಡ ಕಾಂಪೋಸ್ಟಿನಿಂದ, ಕುಡಿಯಲು ಯೋಗ್ಯವಾದ ನೀರಿನಲ್ಲಿ, ಬೇರೇನೂ ಬೆರೆಸದೆ ಮಾಡಿದ ತಿಳಿಗೆ ನಿರ್ಬಂಧ ಬೇಡ. ಪೋಷಕ ಬೆರೆಸಿದ್ದಾದರೆ ಪರೀಕ್ಷೆ ಆಗಲೇಬೇಕು. 100 ಮಿಲಿಲೀಟರಿನಲ್ಲಿ ಇ. ಕೋಲಿ 126ನ್ನೂ, ಎಂಟೆರೊಕಾಕಸ್ 33ನ್ನೂ ಮೀರಬಾರದು. ಈ ಅಂಕಿಗಳು 1986ರಲ್ಲಿ ಅಲ್ಲಿ ಜನ ಈಜುವ ಕೆರೆ ಹೊಳೆಗಳ ನೀರಿಗೆ ಹಾಕಿದ್ದ ಮಿತಿಯಿಂದ ತೆಗೆದವು. ಪರೀಕ್ಷೆ ಇಲ್ಲದಿದ್ದರೆ ಹಸಿ ಸಗಣಿಯ ನಿಯಮವೇ ಅನ್ವಯ: ತಿನ್ನುವ ಭಾಗ ಮಣ್ಣಿಗೆ ತಗಲುವ ಬೆಳೆಯಲ್ಲಿ ಕೊಯ್ಲಿಗೆ 120 ದಿನ ಮುಂಚೆ, ತಗಲದ ಬೆಳೆಯಲ್ಲಿ 90 ದಿನ ಮುಂಚೆ ನಿಲ್ಲಿಸಬೇಕು. ನಮ್ಮ ಕೊತ್ತಂಬರಿ, ಮೆಂತ್ಯ ಸೊಪ್ಪಿನ ಪೂರ್ತಿ ಆಯುಸ್ಸೇ 30-40 ದಿನ. ಅಂಥ ಸೊಪ್ಪಿನ ಮೇಲೆ ಬೆಲ್ಲ ಹಾಕಿದ ತಿಳಿಯನ್ನು ಸಿಂಪಡಿಸಲು ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಕೋಸಂಬರಿಗೆ ಹೋಗುವ ಸೌತೆ, ಹಸಿಯಾಗಿ ತಿನ್ನುವ ಮೂಲಂಗಿ ಇವಕ್ಕೂ ಇದೇ ಮಾತು. ಅಡಿಕೆ, ತೆಂಗು, ಹಿಪ್ಪುನೇರಳೆ, ಬೇಯಿಸಿ ತಿನ್ನುವ ರಾಗಿ ಜೋಳಕ್ಕೆ ಬುಡಕ್ಕೆ ಹಾಕುವುದಾದರೆ ಆ ಭಯ ಬಹಳ ಕಡಿಮೆ.

ಇಲ್ಲಿ ಜೀವಾಮೃತದ ಮಾತು ಬರಲೇಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಮಂದಿ ಎರಡನ್ನೂ ಒಂದೇ ಅಂತ ತಿಳಿದಿದ್ದಾರೆ. ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಂದ 2000ದ ದಶಕದಲ್ಲಿ ಇದು ಕರ್ನಾಟಕದ ಮನೆಮಾತಾಯಿತು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. 48 ಗಂಟೆ ನೆರಳಿನಲ್ಲಿಟ್ಟು ಕೋಲಿನಿಂದ ತಿರುವಿ, ಒಂದು ವಾರದೊಳಗೆ ಹಾಕಿ ಮುಗಿಸುವುದು ರೂಢಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ದೇವಕುಮಾರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಸೂಕ್ಷ್ಮಜೀವಿಗಳ ಸಂಖ್ಯೆ 9ರಿಂದ 12ನೇ ದಿನದ ಹೊತ್ತಿಗೆ ಹೆಚ್ಚಾಗಿ ಕಂಡಿತು. ಎರಡು ದಿನಕ್ಕೇ ಹದ ಎನ್ನುತ್ತಿದ್ದವರಿಗೆ ಇದು ಹೊಸ ಸಂಗತಿ. ಆದರೆ ಒಟ್ಟು ಸಂಖ್ಯೆ ಹೆಚ್ಚಿದೆ ಅಂದರೆ ಜಾತ್ರೆಯಲ್ಲಿ ಜನ ಹೆಚ್ಚಿದೆ ಅಂದ ಹಾಗೆ. ಬಂದವರು ಭಕ್ತರೋ ಜೇಬುಗಳ್ಳರೋ ಎಂದು ಅದು ಹೇಳುವುದಿಲ್ಲ. ಜೀವಾಮೃತದಲ್ಲಿ ಇರುವುದು ಕಾವು ಕಾಣದ ಹಸಿ ಸಗಣಿ, ಮೇಲೆ ಬೆಲ್ಲ. ಮಣ್ಣಿಗೆ ಹಾಕುವುದಕ್ಕೆ ನನ್ನ ತಕರಾರಿಲ್ಲ. ಹಸಿಯಾಗಿ ತಿನ್ನುವ ಎಲೆಯ ಮೇಲೆ ಬೇಡ.

ಹಾಗಾದರೆ ಪರೀಕ್ಷೆ ಮನೆಯಲ್ಲಿ ಎಷ್ಟರ ಮಟ್ಟಿಗೆ ಸಾಧ್ಯ? ಒಂದು ಸುಲಭ ಉಪಾಯ ನಮ್ಮ ದೇಶದಲ್ಲೇ ಹುಟ್ಟಿದ್ದಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಂಜ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ಕುಡಿಯುವ ನೀರಿಗೆ ಒಂದು ಪರೀಕ್ಷೆ ಪ್ರಕಟಿಸಿದರು. ಔಷಧ ಹಚ್ಚಿದ ಕಾಗದವಿರುವ ಸಣ್ಣ ಸೀಸೆಗೆ ನೀರು ತುಂಬಿ ಬೆಚ್ಚಗಿಟ್ಟರೆ, ಮಲ ಸೇರಿದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಇದನ್ನು ತಿಳಿಗೆ ಹಾಕಿ ನೋಡಿ ಹೆದರಬೇಡಿ. ಮಣ್ಣಿನಲ್ಲಿ, ಗೊಬ್ಬರದಲ್ಲಿ ಸಹಜವಾಗಿರುವ ಬೇರೆ ಜೀವಿಗಳೂ ಅದನ್ನು ಕಪ್ಪು ಮಾಡುತ್ತವೆ. ತಿಳಿ ಮಾಡುವ ಬಾವಿಯ ನೀರಿಗೆ ಮಾಡಿ ನೋಡಿ. ನೀರೇ ಕೆಟ್ಟಿದ್ದರೆ ಎಂಥ ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ. ನಲ್ಲಿಯ ನೀರಾದರೆ ಕ್ಲೋರಿನ್ ಇರುತ್ತದೆ, ಒಂದು ದಿನ ಬಾಯಿ ತೆರೆದ ಪಾತ್ರೆಯಲ್ಲಿಟ್ಟು ಬಳಸಿ. ಇ. ಕೋಲಿ ಎಣಿಸುವ ಕೆಲಸ ಪ್ರಯೋಗಾಲಯದ್ದೇ, ಅದಕ್ಕೆ ಮನೆಮದ್ದಿಲ್ಲ. ಗಿಡಕ್ಕೆ ಹಿತವೋ ಅಹಿತವೋ ಎಂಬುದನ್ನು ಮಾತ್ರ ಮನೆಯಲ್ಲೇ ನೋಡಬಹುದು. ಎರಡು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ತಿಳಿ ಚಿಮುಕಿಸಿ, ಇಪ್ಪತ್ತಿಪ್ಪತ್ತು ಸೌತೆ ಬೀಜ ಇಡಿ. ತಿಳಿಯ ತಟ್ಟೆಯಲ್ಲಿ ಮೊಳಕೆ ಕುಂಟಿದರೆ ಗೊಬ್ಬರ ಕಳಿತಿಲ್ಲ ಅಂತ ತಿಳಿಯಿರಿ.

ಇಡುವ ವಿಷಯಕ್ಕೆ ಬಂದರೆ, ಗಾಳಿ ಊದಿದ ತಿಳಿಯನ್ನು ಆ ಹೊತ್ತೇ ಹಾಕಿ ಮುಗಿಸಿ. ನೀರಾ ಬೆಳಿಗ್ಗೆ ನೀರಾ, ಬಿಸಿಲೇರಿದರೆ ಹೆಂಡ. ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೆ ಜೀವಿಗಳ ಉಸಿರಾಟ ನಿಧಾನವಾಗಿ ಕೆಡುವುದು ತಡವಾಗಬಹುದು, ನಿಲ್ಲುವುದಿಲ್ಲ. ಮುಚ್ಚಳ ಬಿಗಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಬಿಸಿಲಿಗಿಟ್ಟರೆ ಒಳಗೆ ಅನಿಲ ಹುಟ್ಟಿ ಕ್ಯಾನು ಉಬ್ಬುತ್ತದೆ. ತೆರೆಯುವಾಗ ಮುಖಕ್ಕೆ ಹಾರುತ್ತದೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಸೀಸೆಯನ್ನು ತಾಜಾ ಕಾಂಪೋಸ್ಟ್ ಟೀ ಅಂತ ಕೊಟ್ಟರೆ, ತಯಾರಾದ ದಿನ ಯಾವುದು, ಪರೀಕ್ಷೆ ಎಲ್ಲಿ ಆಯಿತು ಅಂತ ಕೇಳಿ. ಪಂಪಿಲ್ಲದೆ ನೆನೆಸಿದ ತಿಳಿಗೆ ಇಷ್ಟು ಆತುರ ಇಲ್ಲ. ಅದು ಮೊದಲಿಂದಲೂ ಗಾಳಿಯ ಮಿತವ್ಯಯದಲ್ಲಿ ಬದುಕಿದ್ದು. ನೆರಳಿನಲ್ಲಿ, ತೆಳು ಬಟ್ಟೆ ಕಟ್ಟಿದ ಬಾಯಿಯ ಮಡಕೆಯಲ್ಲಿ, ದಿನಕ್ಕೆರಡು ಸಲ ಕೋಲಾಡಿಸುತ್ತಿದ್ದರೆ ಕೆಲವು ದಿನ ತಡೆಯುತ್ತದೆ. ಆಮೇಲೂ ಇಡಬೇಕೆಂದಿದ್ದರೆ ಗೊಬ್ಬರವನ್ನೇ ಒದ್ದೆ ಗೋಣಿಚೀಲದ ಕೆಳಗೆ ನೆರಳಿನಲ್ಲಿಡಿ. ಗೊಬ್ಬರ ತಿಂಗಳುಗಟ್ಟಲೆ ಬಾಳುತ್ತದೆ, ತಿಳಿ ಬೇಕಾದಾಗ ಬೇಕಾದಷ್ಟೇ ಇಳಿಸಿಕೊಳ್ಳಬಹುದು.

ಮಿಕ್ಕ ತಿಳಿಯನ್ನು ಮೋರಿಗೆ ಚೆಲ್ಲಬೇಡಿ, ತಿಪ್ಪೆಯ ಮೇಲೆ ಸುರಿಯಿರಿ. ಅಲ್ಲಿ ಅದು ತೇವಕ್ಕೂ ಆಯಿತು, ಹೆಪ್ಪಿಗೂ ಆಯಿತು. ಪೀಪಾಯಿ, ಕೊಳವೆ, ಸೋಸುವ ಬಟ್ಟೆ ಇವುಗಳ ಒಳಮೈಗೆ ಲೋಳೆ ಹಿಡಿದಿರುತ್ತದೆ. ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಒಂದು ದಿನ ಬಿಸಿಲಿಗೆ ಬೋರಲು ಹಾಕಿ, ಪೂರ್ತಿ ಒಣಗಿದ ಮೇಲೆ ಮುಂದಿನ ಸಲಕ್ಕೆ ತೆಗೆದಿಡಿ.